ನಶೆಯ ಗುಳಿಗೆ: ಅಂಗಡಿಯ ಕೌಂಟರಿನಿಂದ ಮನೆಯ ಕಪಾಟಿನವರೆಗೆ

(ಜುಮಾ ಖುತ್ಬಾದ ಸಾರಾಂಶ: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಜಮಾಅತ್‌ಗಳಿಗಾಗಿ)

ಸರ್ವಸ್ತುತಿ ಅಲ್ಲಾಹನಿಗೆ. ಮನುಷ್ಯನಿಗೆ ಬುದ್ಧಿಯನ್ನು ಕೊಟ್ಟು ಇತರ ಜೀವಿಗಳಿಗಿಂತ ಮೇಲೆತ್ತಿದವನು ಅವನು. ರೋಗವನ್ನು ಇಟ್ಟವನೂ ಅವನೇ, ಅದಕ್ಕೆ ಮದ್ದನ್ನು ಇಟ್ಟವನೂ ಅವನೇ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ಮನೆಯಲ್ಲಿ ಕುಳಿತು ಇದನ್ನು ಓದುತ್ತಿರುವ ತಾಯಂದಿರೇ, ಸಹೋದರಿಯರೇ,

ಶರಾಬಿನ ಬಗ್ಗೆ, ಗಾಂಜಾದ ಬಗ್ಗೆ ಮಿಂಬರಿನಿಂದ ಅನೇಕ ಸಲ ಮಾತು ಬಂದಿದೆ. ಅವು ಹರಾಮ್ ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ಕುಡಿಯುವವನಿಗೂ ಸಂಶಯವಿಲ್ಲ, ಅದಕ್ಕೇ ಅವನು ಕದ್ದು ಕುಡಿಯುತ್ತಾನೆ. ಇಂದಿನ ವಿಷಯ ಬೇರೆ. ವಾಸನೆ ಬರದ, ಬಾಯಿ ತೂಗದ, ಬೆಳ್ಳಿಯ ಹಾಳೆಯಲ್ಲಿ ಸುತ್ತಿಕೊಂಡು ಮೆಡಿಕಲ್ ಅಂಗಡಿಯಿಂದ ಹಗಲಿನಲ್ಲೇ ಬರುವ ನಶೆಯ ಬಗ್ಗೆ ಇಂದು ಮಾತನಾಡಬೇಕಾಗಿದೆ. ಇದನ್ನು ನುಂಗುವವನು ‘ಇದು ಔಷಧಿ, ಇದರಲ್ಲೇನು ಹರಾಮ್?’ ಎಂದು ಕೇಳುತ್ತಾನೆ. ಮಾರುವವನು ‘ನಾನು ಶರಾಬಿನ ಅಂಗಡಿ ಇಟ್ಟಿಲ್ಲ, ಮೆಡಿಕಲ್ ಇಟ್ಟಿದ್ದೇನೆ’ ಎನ್ನುತ್ತಾನೆ. ಇಬ್ಬರ ಮಾತಿಗೂ ದೀನಿನ ಉತ್ತರವೇನು, ಕಾನೂನಿನ ಉತ್ತರವೇನು ಎಂದು ನೋಡೋಣ.

ಇವು ಯಾವ ಔಷಧಿಗಳು?

ಮೊದಲನೆಯದು ನಿದ್ದೆಯ ಮತ್ತು ಗಾಬರಿಯ ಗುಳಿಗೆಗಳು: ಅಲ್‌ಪ್ರಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್‌ಪಿಡೆಮ್. ಎರಡನೆಯದು ಅಫೀಮಿನ ಜಾತಿಯ ಬಲವಾದ ನೋವಿನ ಔಷಧಿಗಳು: ಟ್ರಮಡಾಲ್, ಟಪೆಂಟಡಾಲ್ ಗುಳಿಗೆಗಳು, ಪೆಂಟಾಜೋಸಿನ್ ಮತ್ತು ಬುಪ್ರೆನಾರ್ಫಿನ್ ಇಂಜೆಕ್ಷನ್‌ಗಳು. ಮೂರನೆಯದು ಕೋಡೀನ್ ಬೆರೆತ ಕೆಮ್ಮಿನ ಸಿರಪ್. ನಾಲ್ಕನೆಯದು ಈಚೆಗೆ ಜಿಮ್ಮುಗಳ ಸುತ್ತ ಸುಳಿದಾಡುವ ಮೆಫೆಂಟರ್ಮಿನ್ ಇಂಜೆಕ್ಷನ್. ಆಪರೇಷನ್ ವೇಳೆ ಬಿದ್ದುಹೋದ ರಕ್ತದೊತ್ತಡವನ್ನು ಏರಿಸಲು ಡಾಕ್ಟರು ಬಳಸುವ ಔಷಧಿ ಅದು. ಅದನ್ನೇ ದಣಿವು ಗೊತ್ತಾಗಬಾರದೆಂದು ಹುಡುಗರು ನರಕ್ಕೆ ಚುಚ್ಚಿಕೊಳ್ಳುತ್ತಿದ್ದಾರೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನು ಅಕ್ರಮವಾಗಿ ಮಾರುವವರನ್ನು ಪೊಲೀಸರು ಹಿಡಿದ ಸುದ್ದಿಗಳು ಬಂದಿವೆ. ಗರಡಿಮನೆಯ, ಕುಸ್ತಿಯ ನಾಡು ನಮ್ಮದು. ಇಲ್ಲಿನ ತಂದೆಯಂದಿರು ಈ ಹೆಸರನ್ನು ತಿಳಿದಿರುವುದು ಒಳ್ಳೆಯದು.

ಇವೆಲ್ಲವೂ ನಿಜವಾದ ಔಷಧಿಗಳು. ತಕ್ಕ ರೋಗಿಗೆ, ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ದಿನ ಕೊಟ್ಟರೆ ಉಪಕಾರ ಮಾಡುತ್ತವೆ. ಆದರೆ ದೇಹ ಇವುಗಳಿಗೆ ಒಗ್ಗಿಕೊಳ್ಳುತ್ತದೆ. ಮೊದಲು ಒಂದು ಗುಳಿಗೆ ಮಾಡಿದ ಕೆಲಸಕ್ಕೆ ಕೆಲವು ವಾರಗಳ ಬಳಿಕ ಎರಡು ಬೇಕಾಗುತ್ತವೆ, ಆಮೇಲೆ ನಾಲ್ಕು. ಆಗ ಮನುಷ್ಯ ನೋವಿಗಾಗಿ ನುಂಗುವುದಿಲ್ಲ, ಗುಳಿಗೆ ಇಲ್ಲದಿದ್ದರೆ ಬರುವ ನಡುಕಕ್ಕೆ, ಬೆವರಿಗೆ, ಮೈಕೈ ಸೆಳೆತಕ್ಕೆ ಹೆದರಿ ನುಂಗುತ್ತಾನೆ. ನಿದ್ದೆಯ ಗುಳಿಗೆಯನ್ನೂ ಅಫೀಮಿನ ಜಾತಿಯ ಗುಳಿಗೆಯನ್ನೂ ಒಟ್ಟಿಗೆ ತೆಗೆದುಕೊಂಡರೆ, ಇಲ್ಲವೇ ಶರಾಬಿನ ಜೊತೆ ತೆಗೆದುಕೊಂಡರೆ, ನಿದ್ದೆಯಲ್ಲೇ ಉಸಿರಾಟ ನಿಂತುಹೋಗಬಹುದು.

ಇದು ದೊಡ್ಡ ಪಟ್ಟಣಗಳ ರೋಗ ಎಂದು ಭಾವಿಸಬೇಡಿ. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 1.18 ಕೋಟಿ ಜನ ಡಾಕ್ಟರ ಸಲಹೆಯಿಲ್ಲದೆ ನಿದ್ದೆಯ ಜಾತಿಯ ಔಷಧಿಗಳನ್ನು ಬಳಸುತ್ತಿದ್ದರು. ಅಂದರೆ ನೂರು ಜನರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ನಮ್ಮ ಮಸೀದಿಯ ಸಫ್‌ಗಳನ್ನು ಎಣಿಸಿ ನೋಡಿ, ಲೆಕ್ಕ ನಿಮಗೇ ತಿಳಿಯುತ್ತದೆ.

ಒಂದೇ ಗುಳಿಗೆ, ಎರಡು ತೀರ್ಪು

ಮತ್ತು ಬರಿಸುವ ವಸ್ತುಗಳನ್ನು ಕುರ್‌ಆನ್ ಅಲ್ ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳಲ್ಲಿ ಶೈತಾನನ ಹೊಲಸು ಕೃತ್ಯಗಳ ಸಾಲಿಗೆ ಸೇರಿಸಿದೆ. ಅವು ಜನರ ನಡುವೆ ಹಗೆತನ ಬಿತ್ತುತ್ತವೆ, ಅಲ್ಲಾಹನ ಸ್ಮರಣೆಯಿಂದ ಮತ್ತು ನಮಾಝಿನಿಂದ ತಡೆಯುತ್ತವೆ ಎಂಬ ಕಾರಣವನ್ನೂ ಹೇಳಿದೆ. ಹಝ್ರತ್ ಉಮರ್(ರ) ಅವರು ಖಮ್ರ್ ಎಂದರೇನು ಎಂಬುದನ್ನು ವಿವರಿಸುತ್ತಾ, ಬುದ್ಧಿಯನ್ನು ಮುಚ್ಚಿಬಿಡುವುದೇ ಖಮ್ರ್ ಎಂಬ ಅರ್ಥದ ಮಾತು ಹೇಳಿದ್ದಾರೆ. ಅದು ದ್ರಾಕ್ಷಿಯಿಂದ ಬಂತೋ, ಖರ್ಜೂರದಿಂದ ಬಂತೋ, ಕಾರ್ಖಾನೆಯಿಂದ ಬಂತೋ ಎಂಬುದು ಮುಖ್ಯವಲ್ಲ. ಅದು ಬುದ್ಧಿಗೆ ಏನು ಮಾಡುತ್ತದೆ ಎಂಬುದೇ ಮುಖ್ಯ. ಮತ್ತು ಬರಿಸುವುದರ ಜೊತೆಗೆ ಮೈಯನ್ನು ಜೋಮುಗಟ್ಟಿಸಿ ಮಂಕುಗೊಳಿಸುವುದನ್ನೂ ಪ್ರವಾದಿ(ಸ) ತಡೆದರೆಂದು ಉಮ್ಮು ಸಲಮಾ(ರ) ಅವರಿಂದ ಬಂದ ವರದಿ ಅಬೂದಾವೂದ್‌ನಲ್ಲಿದೆ. ಆದ್ದರಿಂದ ‘ಇದು ಗುಳಿಗೆ, ಶರಾಬಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಇನ್ನೊಂದು ಮಗ್ಗುಲನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂಬುದು ಪ್ರವಾದಿ(ಸ)ರ ಬೋಧನೆ. ಆಪರೇಷನ್ ಆದವನಿಗೆ ನೋವಿನ ಇಂಜೆಕ್ಷನ್, ಕ್ಯಾನ್ಸರ್ ರೋಗಿಗೆ ಮಾರ್ಫಿನ್, ಫಿಟ್ಸ್ ಬರುವವನಿಗೆ ಅದರ ಗುಳಿಗೆ, ಮನಸ್ಸಿನ ಕಾಯಿಲೆಯವರಿಗೆ ಅವರ ಔಷಧಿ ಹಲಾಲ್ ಮಾತ್ರವಲ್ಲ, ಅದನ್ನು ತಪ್ಪಿಸುವುದು ಅವರಿಗೆ ಮಾಡುವ ಅನ್ಯಾಯ. ಕಾನೂನಿನ ಬಿಗಿಯಿಂದಾಗಿ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗದೆ ನರಳುವಂತಾಗಿದ್ದರಿಂದ ಸಂಸತ್ತು 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿ ತಂದು ಅದನ್ನು ಆಸ್ಪತ್ರೆಗಳಿಗೆ ತಲುಪಿಸುವ ದಾರಿ ಸಡಿಲಗೊಳಿಸಿತು. ಆದ್ದರಿಂದ ಈ ಖುತ್ಬಾ ಕೇಳಿ ಮನೆಗೆ ಹೋಗಿ ಯಾರೂ ಅಜ್ಜಿಯ ಗುಳಿಗೆ ಡಬ್ಬಿಯನ್ನು ಹೊರಗೆ ಎಸೆಯಬೇಡಿ. ಎಷ್ಟೋ ದಿನಗಳಿಂದ ನಿದ್ದೆಯ ಗುಳಿಗೆ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರ ಸಲಹೆಯಂತೆ ಮೆಲ್ಲಮೆಲ್ಲಗೆ ಮಾಡಬೇಕು.

ಹೀಗೆ ಗುಳಿಗೆ ಒಂದೇ ಆದರೂ ತೀರ್ಪು ಎರಡು. ಅಗತ್ಯವಿದ್ದಾಗ, ಬಲ್ಲವರು ಹೇಳಿದಷ್ಟು ಮಾತ್ರ ತೆಗೆದುಕೊಂಡರೆ ಅದು ಚಿಕಿತ್ಸೆ. ಅಗತ್ಯ ಮುಗಿದ ಮೇಲೆ, ನಶೆಗಾಗಿ, ಯಾರನ್ನೂ ಕೇಳದೆ ತೆಗೆದುಕೊಂಡರೆ ಅದೇ ಹರಾಮ್. ಈ ಎರಡರ ನಡುವಿನ ಗೆರೆಯನ್ನು ಕಾಯುವುದಕ್ಕೆ ಒಂದು ಕಾಗದವಿದೆ. ಅದೇ ಡಾಕ್ಟರ ಚೀಟಿ.

ಮೊದಲ ಗುಳಿಗೆ ಯಾಕೆ ಬಂತು?

ನಶೆ ಮಾಡುವವರೆಲ್ಲ ಮೋಜಿಗಾಗಿ ಶುರು ಮಾಡಿದವರಲ್ಲ. ನಮ್ಮ ಸೀಮೆಯ ದುಡಿಮೆಯನ್ನು ನೋಡಿ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಮುಂದೆ ರಾತ್ರಿ ಪಾಳಿಯಲ್ಲಿ ನಿಲ್ಲುವವನ ಸೊಂಟ, ಕಾಲು ನೋಯುತ್ತವೆ. ಕಿವಿಯಲ್ಲಿ ಮಗ್ಗದ ಸದ್ದು ಹಗಲಿನಲ್ಲೂ ನಿಲ್ಲದೆ ನಿದ್ದೆ ಬರುವುದಿಲ್ಲ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ಕಬ್ಬು ಕಡಿಯುವ ಗ್ಯಾಂಗಿನವರು ನಸುಕಿನಿಂದ ಬಗ್ಗಿದ ಬೆನ್ನು ಎತ್ತುವುದಿಲ್ಲ. ಟ್ರ್ಯಾಕ್ಟರ್ ಹೊಡೆಯುವವನು ಕಾರ್ಖಾನೆಯ ಮುಂದಿನ ಸರದಿಯಲ್ಲಿ ರಾತ್ರಿಯಿಡೀ ಎದ್ದಿರುತ್ತಾನೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಕಳೆದುಕೊಂಡು ಹೊಸ ಜಾಗಕ್ಕೆ ಬಂದ ಮನೆಗಳಲ್ಲಿ ಹಿರಿಯರ ಚಿಂತೆ ಬೇರೆ. ಸಾಲದ ಕಂತು, ಮಗಳ ಮದುವೆ, ಗಂಡನ ಸಾವು, ಇವುಗಳಿಂದ ನಿದ್ದೆ ಕಳೆದುಕೊಂಡ ಹೆಣ್ಣುಮಕ್ಕಳು ಎಷ್ಟೋ ಜನ.

ಇವರೆಲ್ಲರ ನೋವು ನಿಜ. ಪಗಾರ ತಪ್ಪಬಾರದು, ಆದ್ದರಿಂದ ಆಸ್ಪತ್ರೆಗೆ ಹೋಗಿ ಒಂದು ದಿನ ಕಳೆಯಲಾರರು. ಮೂಲೆಯ ಅಂಗಡಿಗೆ ಹೋಗಿ ‘ನೋವಿನ ಗುಳಿಗೆ ಕೊಡು, ಗಟ್ಟಿಯಾದದ್ದು ಕೊಡು’ ಎನ್ನುತ್ತಾರೆ. ಅವನು ಕೊಡುತ್ತಾನೆ. ಎರಡನೆಯ ಸಲ ಅವರು ಹೆಸರು ಹೇಳಿ ಕೇಳುತ್ತಾರೆ. ಮೂರನೆಯ ಸಲ ಇಡೀ ಪಾಕೀಟು ಕೇಳುತ್ತಾರೆ. ಮನೆಯಲ್ಲಿ ಹೀಗೆ ಒಬ್ಬರಿದ್ದರೆ ಬೈಯುವುದಕ್ಕೆ ಮೊದಲು ‘ಎಲ್ಲಿ ನೋಯುತ್ತದೆ? ಎಷ್ಟು ದಿನದಿಂದ ನಿದ್ದೆಯಿಲ್ಲ?’ ಎಂದು ಕೇಳಿ. ಆ ಪ್ರಶ್ನೆಯನ್ನು ಯಾರೂ ಕೇಳದೆ ಇದ್ದುದರಿಂದಲೇ ಅವರು ಅಂಗಡಿಗೆ ಹೋದರು.

ಔಷಧಿ ಅಂಗಡಿಯ ಸಹೋದರರಿಗೆ

ನಮ್ಮ ಸಮುದಾಯದಲ್ಲಿ ಮೆಡಿಕಲ್ ನಡೆಸುವವರು, ಅಲ್ಲಿ ಕೆಲಸ ಮಾಡುವ ಹುಡುಗರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರು. ಅರ್ಧ ರಾತ್ರಿಯಲ್ಲಿ ಬಾಗಿಲು ತೆರೆದು, ಉದ್ರಿಯಲ್ಲಿ ಔಷಧಿ ಕೊಟ್ಟು ಎಷ್ಟೋ ಬಡವರ ಜೀವ ಉಳಿಸಿದವರು. ಅಲ್ಲಾಹನು ಅವರಿಗೆ ಬರಕತ್ ಕೊಡಲಿ. ಆದರೂ ನಿಯಮಗಳನ್ನು ಇಲ್ಲಿ ನೆನಪಿಸಬೇಕು. ಅದರಿಂದ ಗಿರಾಕಿಗಳಿಗೂ ಕಾನೂನು ತಿಳಿಯುತ್ತದೆ, ಅಂಗಡಿಯವನ ಮೇಲಿನ ಒತ್ತಾಯ ಕಡಿಮೆಯಾಗುತ್ತದೆ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆ ಹಾಗೂ ಅದರ 1945ರ ನಿಯಮಗಳ ಪ್ರಕಾರ ಎಚ್ ಪಟ್ಟಿಯ ಔಷಧಿಯನ್ನು ನೋಂದಾಯಿತ ಡಾಕ್ಟರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಎಚ್1 ಎಂಬ ಇನ್ನೂ ಬಿಗಿಯಾದ ಪಟ್ಟಿ ಜಾರಿಗೆ ಬಂತು. ಮೊದಲು ಅದರಲ್ಲಿ 46 ಔಷಧಿಗಳಿದ್ದವು. ಕೆಲವು ಬಲವಾದ ಆಂಟಿಬಯೋಟಿಕ್‌ಗಳು, ಕ್ಷಯದ ಔಷಧಿಗಳು ಮತ್ತು ಈಗ ಹೇಳಿದ ಅಲ್‌ಪ್ರಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್‌ಪಿಡೆಮ್, ಟ್ರಮಡಾಲ್, ಪೆಂಟಾಜೋಸಿನ್, ಬುಪ್ರೆನಾರ್ಫಿನ್, ಕೋಡೀನ್ ಇವೆಲ್ಲ ಅದರಲ್ಲಿವೆ. ಇವುಗಳ ಪಾಕೀಟಿನ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿರುತ್ತದೆ. ಇವನ್ನು ಮಾರಿದಾಗ ಬೇರೆಯೇ ಒಂದು ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧಿಯ ಹೆಸರು, ಕೊಟ್ಟ ಪ್ರಮಾಣ ಬರೆದು, ಆ ರಿಜಿಸ್ಟರನ್ನು ಮೂರು ವರ್ಷ ಕಾಯ್ದಿಡಬೇಕು.

ಚೀಟಿಗೂ ನಿಯಮವಿದೆ. ಅದರಲ್ಲಿ ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಎಷ್ಟು ಕೊಡಬೇಕೆಂಬುದು ಇರಬೇಕು. ಮತ್ತೆ ಮತ್ತೆ ಕೊಡಬಹುದೆಂದು ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟ ಅಂಗಡಿಯ ಹೆಸರು, ತಾರೀಖನ್ನು ಆ ಚೀಟಿಯ ಮೇಲೆಯೇ ಬರೆಯಬೇಕು. ಈ ಕೊನೆಯ ನಿಯಮವನ್ನು ಪಾಲಿಸಿದರೆ ಒಂದೇ ಚೀಟಿ ಹಿಡಿದು ಹತ್ತು ಅಂಗಡಿ ಸುತ್ತುವ ಆಟ ಅಲ್ಲಿಗೇ ನಿಲ್ಲುತ್ತದೆ. 1948ರ ಫಾರ್ಮಸಿ ಕಾಯಿದೆಯಂತೆ ಔಷಧಿ ಕೊಡುವವನು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು, ಇಲ್ಲವೇ ಅವನ ಕಣ್ಣೆದುರಿನಲ್ಲಿ ಕೊಡಬೇಕು. ಗೋಡೆಗೆ ಒಬ್ಬನ ಸರ್ಟಿಫಿಕೇಟ್ ತೂಗುಹಾಕಿ, ಕೌಂಟರಿನಲ್ಲಿ ಇನ್ನೊಬ್ಬನನ್ನು ನಿಲ್ಲಿಸುವುದು ಸುಳ್ಳು ಸಾಕ್ಷಿ. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟವನ ಸಂಪಾದನೆಯೂ ಅದೇ ಸುಳ್ಳಿನ ಬೆಲೆ. ರಿಜಿಸ್ಟರಿನಲ್ಲಿ ಇಲ್ಲದ ರೋಗಿಗಳ ಹೆಸರು ತುಂಬಿಸುವುದೂ ಹಾಗೆಯೇ. ಔಷಧ ಪರಿವೀಕ್ಷಕರು ಅದನ್ನು ಓದದೆ ಸಹಿ ಹಾಕಿ ಹೋಗಬಹುದು. ಬಲಭುಜ ಎಡಭುಜಗಳ ಮೇಲೆ ಬರೆಯುವ ಮಲಕ್‌ಗಳು ಓದದೆ ಬಿಡುವುದಿಲ್ಲ.

‘ನಾನು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ’ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಶರಾಬಿನ ವಿಷಯದಲ್ಲಿ ಹಿಂಡುವವನು, ಹೊರುವವನು, ಮಾರುವವನು, ಅದರ ಬೆಲೆ ತಿನ್ನುವವನು ಹೀಗೆ ಹತ್ತು ಬಗೆಯ ಜನರ ಮೇಲೆ ಶಾಪವಿದೆಯೆಂದು ತಿರ್ಮಿದಿಯ ಹದೀಸ್ ಒಂದರಲ್ಲಿ ಬಂದಿದೆ. ಪಕ್ಕದವನು ಇದ್ದಾನೆಂದು ಅವರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಪಕ್ಕದ ಅಂಗಡಿಯವನ ಲೆಕ್ಕ ಅವನದು. ಆ ಗಿರಾಕಿ ಪಕ್ಕದ ಅಂಗಡಿಗೆ ಹೋದರೆ ನಿಮಗೆ ಕೆಲವು ರೂಪಾಯಿಯ ಲಾಭ ತಪ್ಪಬಹುದು. ಆದರೆ ಅವನು ಚೀಟಿಯಿಲ್ಲದೆ ನಿಮ್ಮಲ್ಲಿಗೆ ಬಂದು ಬರಿಗೈಯಲ್ಲಿ ಹೋದ ದಿನ, ಅಷ್ಟರ ಮಟ್ಟಿಗೆ ಆ ಮನೆಯ ತಾಯಿಯ ಕಣ್ಣೀರು ನಿಮ್ಮ ಲೆಕ್ಕದಲ್ಲಿಲ್ಲ.

ಹಳ್ಳಿಗಳಲ್ಲಿ ಓದಿಲ್ಲದೆ ಡಾಕ್ಟರಿಕೆ ಮಾಡುವವರಿಗೂ ಒಂದು ಮಾತು. ವೈದ್ಯ ತಿಳಿಯದವನು ವೈದ್ಯ ಮಾಡಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಮೈ ಹಗುರಾಗಲೆಂದು ಕೊಡುವ ಒಂದು ಇಂಜೆಕ್ಷನ್ ಮರುದಿನ ಒಬ್ಬ ಗಿರಾಕಿಯನ್ನು ತಂದುಕೊಡಬಹುದು. ಅದರ ಜೊತೆಗೆ ಕಿಯಾಮತ್ ದಿನದ ಒಂದು ದಾವೆಯನ್ನೂ ತರುತ್ತದೆ.

ಯುವಕರಿಗೆ: ಕಾನೂನು ಎಷ್ಟು ಕಠಿಣ ಗೊತ್ತೇ?

ಅನೇಕ ಹುಡುಗರು ‘ಗುಳಿಗೆ ಸಿಕ್ಕರೆ ಪೊಲೀಸರು ಬೈದು ಬಿಡುತ್ತಾರೆ’ ಎಂದುಕೊಂಡಿದ್ದಾರೆ. ಅಲ್‌ಪ್ರಜೋಲಾಮ್, ಡಯಾಜೆಪಾಮ್‌ಗಳು 1985ರ ಎನ್‌ಡಿಪಿಎಸ್ ಕಾಯಿದೆಯ ಪಟ್ಟಿಯಲ್ಲಿವೆ. ಟ್ರಮಡಾಲ್ ಅನ್ನು 2018ರ ಏಪ್ರಿಲ್‌ನಲ್ಲಿ ಅದಕ್ಕೆ ಸೇರಿಸಲಾಯಿತು. ಟ್ರಮಡಾಲ್ 250 ಗ್ರಾಂ, ಅಲ್‌ಪ್ರಜೋಲಾಮ್ 100 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಚೀಟಿಯಾಗಲಿ ಲೈಸೆನ್ಸ್ ಆಗಲಿ ಇಲ್ಲದೆ ಅಷ್ಟು ಸಿಕ್ಕರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಜಾಮೀನು ಸಿಗುವುದು ಬಹಳ ಕಷ್ಟ. 2020ರಲ್ಲಿ ಸುಪ್ರೀಂ ಕೋರ್ಟು ಹೀರಾ ಸಿಂಗ್ ಪ್ರಕರಣದಲ್ಲಿ ಇನ್ನೊಂದನ್ನು ಸ್ಪಷ್ಟಪಡಿಸಿತು: ತೂಕ ಹಾಕುವಾಗ ಬೆರಕೆಯಲ್ಲಿರುವ ನಶೆಯ ಅಂಶವನ್ನಷ್ಟೇ ಬೇರ್ಪಡಿಸಿ ತೂಗುವುದಲ್ಲ, ಇಡೀ ಬೆರಕೆಯ ತೂಕವೇ ಲೆಕ್ಕ. ಆದ್ದರಿಂದ ‘ಈ ಡಬ್ಬಿ ಇಂಥಲ್ಲಿಗೆ ಮುಟ್ಟಿಸು, ಪೆಟ್ರೋಲಿಗೆ ಐನೂರು ಕೊಡುತ್ತೇನೆ’ ಎಂದವನ ಮಾತು ಕೇಳಿ ಗಾಡಿ ಹತ್ತಿದ ಹುಡುಗ, ಒಳಗೆ ಏನಿದೆ ಎಂದು ಬಿಚ್ಚಿ ನೋಡದಿದ್ದರೂ, ಹತ್ತು ವರ್ಷ ಮನೆಯ ಮುಖ ಕಾಣದಿರಬಹುದು. ಕಳಿಸಿದವನು ಕೋರ್ಟಿಗೂ ಬರುವುದಿಲ್ಲ, ಮನೆಗೂ ಬರುವುದಿಲ್ಲ.

ಈ ವ್ಯಾಪಾರದ ಕೈ ಎಷ್ಟು ಉದ್ದ ಎಂದು ನೋಡಿ. ಟಪೆಂಟಡಾಲ್ ಜೊತೆಗೆ ಕ್ಯಾರಿಸೊಪ್ರೊಡಾಲ್ ಎಂಬುದನ್ನು ಬೆರೆಸಿದ ಗುಳಿಗೆಗಳು ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾದ ಘಾನಾ, ನೈಜೀರಿಯಾ ಮುಂತಾದ ಕಡೆ ಹೋಗಿ ಅಲ್ಲಿನ ಬಡ ಹುಡುಗರನ್ನು ಹಾಳು ಮಾಡುತ್ತಿದ್ದುದು 2025ರ ಫೆಬ್ರುವರಿಯಲ್ಲಿ ಬಿಬಿಸಿ ವರದಿಯಿಂದ ಬಯಲಾಯಿತು. ಆಗ ನಮ್ಮ ಕೇಂದ್ರದ ಔಷಧ ನಿಯಂತ್ರಕರು ಆ ಬೆರಕೆಯ ತಯಾರಿಕೆ ಮತ್ತು ರಫ್ತಿನ ಅನುಮತಿಗಳನ್ನು ಹಿಂತೆಗೆದುಕೊಂಡರು. ಆ ಹುಡುಗರಲ್ಲಿ ಎಷ್ಟೋ ಜನ ನಮ್ಮಂತೆಯೇ ಕಿಬ್ಲಾದ ಕಡೆ ಮುಖ ಮಾಡುವವರು. ಯಾರ ಧರ್ಮ ಯಾವುದಾದರೂ ಹಾಳಾಗುವುದು ಆದಮರ ಮಕ್ಕಳೇ.

ರಾಯಚೂರು ಮತ್ತು ತೆಲಂಗಾಣದ ಪಾಠ

ಬರೀ ಮಾರಾಟ ನಿಲ್ಲಿಸಿದರೆ ಸಾಲದು. ನಮ್ಮ ರಾಯಚೂರಿನಲ್ಲಿ ಮತ್ತು ಪಕ್ಕದ ತೆಲಂಗಾಣದಲ್ಲಿ ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸುವ ದಂಧೆಯ ಬಗ್ಗೆ ನೀವು ಕೇಳಿರಬಹುದು. ಜನ ಅದನ್ನು ಸಿ.ಎಚ್. ಪೌಡರ್ ಎನ್ನುತ್ತಾರೆ. ತೆಲಂಗಾಣದಲ್ಲಿ ಅಲ್‌ಪ್ರಜೋಲಾಮ್, ಡಯಾಜೆಪಾಮ್‌ಗಳನ್ನೂ ಬೆರೆಸುತ್ತಿದ್ದರು. 2015ರಲ್ಲಿ ಅಲ್ಲಿ ಸರಕಾರ ಈ ಬೆರಕೆಯ ಮೇಲೆ ಬಿಗಿ ಕ್ರಮ ಕೈಗೊಂಡಾಗ ನಿಜಾಮಾಬಾದ್ ಮೊದಲಾದ ಜಿಲ್ಲೆಗಳಲ್ಲಿ ಬಡ ಕೂಲಿಗಳು ನಡುಕ ಬಂದು, ಫಿಟ್ಸ್ ಬಂದು, ಬುದ್ಧಿ ಸ್ಥಿಮಿತ ತಪ್ಪಿ ಆಸ್ಪತ್ರೆಗಳಿಗೆ ಹೋದರು. ತಾವು ಕುಡಿಯುತ್ತಿದ್ದುದು ಸೇಂದಿ ಎಂದೇ ಅವರು ತಿಳಿದಿದ್ದರು. ಅದರೊಳಗಿನ ಔಷಧಿಗೆ ತಮ್ಮ ದೇಹ ದಾಸನಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಒಂದು ಕೈ ಪೂರೈಕೆಯನ್ನು ಬಿಗಿ ಹಿಡಿಯಬೇಕು, ಇನ್ನೊಂದು ಕೈ ಚಟಕ್ಕೆ ಬಿದ್ದವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಮಗನನ್ನು ಕೋಣೆಯಲ್ಲಿ ಕೂಡಿಹಾಕಿ, ಕಟ್ಟಿಹಾಕಿ ಚಟ ಬಿಡಿಸುತ್ತೇವೆ ಎನ್ನುವ ತಂದೆಯಂದಿರು ಇದನ್ನು ಕಿವಿಗೊಟ್ಟು ಕೇಳಬೇಕು. ದುಆ ಮಾಡಿಸಿ, ತಾಯತ ಕಟ್ಟಿಸಿ ಕಾಯುತ್ತಾ ಕುಳಿತವರೂ ಕೇಳಬೇಕು. ದುಆ ಮಾಡಿ, ಖಂಡಿತ ಮಾಡಿ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಕಲಿಸಿದ ಪ್ರವಾದಿ(ಸ)ರ ಉಮ್ಮತ್ ನಾವು. ಇಲ್ಲಿ ಒಂಟೆ ಕಟ್ಟುವುದೆಂದರೆ ಡಾಕ್ಟರ ಬಳಿ ಹೋಗುವುದು.

ಎಲ್ಲಿಗೆ ಹೋಗಬೇಕು? ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗಗಳ ವೈದ್ಯರನ್ನು ವಿಚಾರಿಸಬಹುದು. ಧಾರವಾಡದಲ್ಲಿ ಸರಕಾರದ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತನಾಡುವುದಾದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಶೆ ಬಿಡಿಸುವ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆ ಅನೇಕರಿಗಿದೆ. ಸೇವಿಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಚಟದವನು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನನ್ನು ಆ ತಪ್ಪಿಗಾಗಿ ಶಿಕ್ಷೆಗೆ ಗುರಿಪಡಿಸದಿರಲು ಎನ್‌ಡಿಪಿಎಸ್ ಕಾಯಿದೆಯ 64ಎ ಕಲಮು ದಾರಿ ಬಿಟ್ಟಿದೆ. ತೌಬಾದ ಬಾಗಿಲು ಅಲ್ಲಾಹನ ಬಳಿ ತೆರೆದಿರುವಂತೆ ಕಾನೂನಿನಲ್ಲೂ ಒಂದು ಬಾಗಿಲು ತೆರೆದಿದೆ.

ಮನೆಯವರಿಗೆ

ತಾಯಂದಿರೇ, ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ. ಹಳೆಯ ಆಪರೇಷನ್ನಿನಲ್ಲಿ ಉಳಿದ ನೋವಿನ ಗುಳಿಗೆ, ತೀರಿಹೋದ ಹಿರಿಯರ ನಿದ್ದೆಯ ಗುಳಿಗೆ ಇನ್ನೂ ಅಲ್ಲೇ ಇದ್ದರೆ ಅದನ್ನು ಇಟ್ಟುಕೊಳ್ಳಬೇಡಿ. ಈಗ ಬೇಕಾಗಿರುವುದನ್ನು ಹಿರಿಯರೊಬ್ಬರ ಕೈಯಲ್ಲಿ, ಬೀಗದೊಳಗೆ ಇಡಿ. ‘ನನಗೂ ನಿದ್ದೆ ಬರುತ್ತಿಲ್ಲ’ ಎಂದ ನೆರೆಮನೆಯವರಿಗೆ ನಿಮ್ಮ ಗುಳಿಗೆ ಕೊಡಬೇಡಿ. ಸಕ್ಕರೆ, ಚಹಾಪುಡಿ ಹಂಚಿಕೊಳ್ಳುವುದು ನೆರೆಯವರ ಹಕ್ಕು, ಗುಳಿಗೆ ಆ ಸಾಲಿಗೆ ಸೇರುವುದಿಲ್ಲ. ಸಣ್ಣ ಮಕ್ಕಳ ಕೈಯಲ್ಲಿ ಹಳೆಯ ಚೀಟಿ ಕೊಟ್ಟು ಅಂಗಡಿಗೆ ಕಳಿಸಬೇಡಿ. ಆ ದಾರಿಯನ್ನು ಮಗುವಿಗೆ ನಾವೇ ತೋರಿಸಿದಂತಾಗುತ್ತದೆ.

ಮಗ ಮಧ್ಯಾಹ್ನದವರೆಗೆ ಮಲಗುತ್ತಾನೆ, ಮಾತು ತೊದಲುತ್ತದೆ, ಬಾಯಿಯ ವಾಸನೆ ಇಲ್ಲ, ಮನೆಯಲ್ಲಿ ಹಣ ಕಾಣೆಯಾಗುತ್ತದೆ, ಪಾಯಖಾನೆಯಲ್ಲಿ ಖಾಲಿ ಪಾಕೀಟು ಸಿಗುತ್ತದೆ, ತೋಳಿನಲ್ಲಿ ಸೂಜಿಯ ಗುರುತು ಇರುತ್ತದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ‘ನಮ್ಮ ಮಗ ಅಂಥವನಲ್ಲ’ ಎಂದು ಕಣ್ಣು ಮುಚ್ಚಬೇಡಿ. ಅವನ ಅಬ್ಬಾಗೆ ತಿಳಿದರೆ ಹೊಡೆಯುತ್ತಾರೆಂದು ಮುಚ್ಚಿಡುವ ಅಮ್ಮಿಯರೇ, ಇಂದು ಮುಚ್ಚಿಟ್ಟರೆ ನಾಳೆ ಇಡೀ ಊರಿಗೆ ತಿಳಿಯುವ ದಿನ ಬರಬಹುದು. ಅಬ್ಬಾಗಳೇ, ತಪ್ಪು ಒಪ್ಪಿಕೊಂಡು ಬಂದ ಮಗನ ಮೇಲೆ ಕೈ ಎತ್ತಬೇಡಿ. ಮನೆಯಲ್ಲಿ ಬಾಯಿ ಬಿಡಲು ಹೆದರಿದವನು ಹೊರಗೆ ಹೋಗಿ ಮಾರುವವನ ಬಳಿಯೇ ಕೂರುತ್ತಾನೆ.

ಜಮಾಅತ್ ಏನು ಮಾಡಬೇಕು?

ಪ್ರವಾದಿ(ಸ)ರ ಕಾಲದಲ್ಲಿ ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬರಿದ್ದರು. ಅವರನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಹೇಳಿದರು. ಇದು ಬುಖಾರಿಯಲ್ಲಿದೆ. ಶಿಕ್ಷೆಯೂ ಇತ್ತು, ಪ್ರೀತಿಯೂ ಇತ್ತು, ಬಹಿಷ್ಕಾರ ಇರಲಿಲ್ಲ. ನಾವು ಎಷ್ಟೋ ಸಲ ಇದನ್ನು ತಿರುಗಿಸಿಬಿಡುತ್ತೇವೆ. ಮಾರುವವನು ಹಣವಂತನಾದರೆ ಸಲಾಂ ಹೇಳುತ್ತೇವೆ, ಚಟಕ್ಕೆ ಬಿದ್ದ ಬಡವನ ಮಗನನ್ನು ಸಫ್‌ನಿಂದ ದೂರ ಸರಿಸುತ್ತೇವೆ.

‘ಇದನ್ನು ಬಹಿರಂಗವಾಗಿ ಮಾತನಾಡಿದರೆ ನಮ್ಮ ಸಮುದಾಯದ ಹೆಸರು ಕೆಡುತ್ತದೆ’ ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಈ ರೋಗ ಯಾವ ಒಂದು ಸಮುದಾಯದ್ದೂ ಅಲ್ಲ. ಬುಖಾರಿಯಲ್ಲಿ ಒಂದು ಹಡಗಿನ ದೃಷ್ಟಾಂತ ಬಂದಿದೆ. ಕೆಳ ಅಂತಸ್ತಿನವರು ನೀರಿಗಾಗಿ ತಮ್ಮ ಭಾಗದಲ್ಲಿ ತೂತು ಕೊರೆಯುತ್ತೇವೆ ಎಂದಾಗ ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ತೂತನ್ನು ಮುಚ್ಚಿಟ್ಟು ಹಡಗಿನ ಹೆಸರು ಉಳಿಸಿದವರು ಯಾರೂ ಇಲ್ಲ.

ನಮ್ಮ ಸೀಮೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಜಮಖಂಡಿ ಭಾಗದ ರೈತರು ಸರಕಾರ ಬಂದು ಮಾಡಲಿ ಎಂದು ಕೂರದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಹಾಕಿ, ತಾವೇ ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಬ್ಯಾರೇಜು ನದಿಯನ್ನು ಒಣಗಿಸುವುದಿಲ್ಲ. ಸುಮ್ಮನೆ ಹರಿದುಹೋಗುವ ನೀರನ್ನು ತಡೆದು ಬೇಕಾದ ಹೊಲಕ್ಕೆ, ಬೇಕಾದಾಗ, ಬೇಕಾದಷ್ಟು ಮುಟ್ಟಿಸುತ್ತದೆ. ಔಷಧಿಯ ವಿಷಯದಲ್ಲೂ ನಮಗೆ ಬೇಕಾಗಿರುವುದು ಅದೇ. ರೋಗಿಗೆ ತಪ್ಪಬಾರದು, ನಶೆಗೆ ಹರಿಯಬಾರದು. ಇದಕ್ಕೆ ಸರಕಾರದ ಕಾನೂನು ಇದೆ. ಕಟ್ಟುವ ಕೈಗಳು ನಮ್ಮವಾಗಬೇಕು.

ಆದ್ದರಿಂದ ನಾಲ್ಕೂ ತಾಲೂಕುಗಳ ಜಮಾಅತ್‌ಗಳು ಮತ್ತು ಅಂಜುಮನ್‌ಗಳ ಮುಂದೆ ಈ ಕೆಲಸಗಳನ್ನು ಇಡುತ್ತಿದ್ದೇವೆ.

ಒಂದು: ಮುತವಲ್ಲಿಗಳು ತಮ್ಮ ಮೊಹಲ್ಲಾದ ಎಲ್ಲ ಔಷಧಿ ಅಂಗಡಿಯವರನ್ನು, ಯಾವ ಧರ್ಮದವರೇ ಆಗಲಿ, ಗೌರವದಿಂದ ಭೇಟಿ ಮಾಡಿ, ‘ನಮ್ಮ ಹುಡುಗರಿಗೆ ಚೀಟಿಯಿಲ್ಲದೆ ಇವನ್ನು ಕೊಡಬೇಡಿ, ಕೊಡಲಿಲ್ಲವೆಂದು ಯಾರಾದರೂ ಜಗಳಕ್ಕೆ ಬಂದರೆ ನಾವು ನಿಮ್ಮ ಪರ ನಿಲ್ಲುತ್ತೇವೆ’ ಎಂದು ಹೇಳಲಿ.

ಎರಡು: ಪ್ರತಿ ಮಸೀದಿಯಲ್ಲಿ ಬಾಯಿ ಬಿಗಿಯಾದ ಇಬ್ಬರು ಹಿರಿಯರನ್ನು, ಹೆಣ್ಣುಮಕ್ಕಳಿಗಾಗಿ ಇಬ್ಬರು ಹಿರಿಯ ಸಹೋದರಿಯರನ್ನು ನೇಮಿಸಲಿ. ಕಷ್ಟದಲ್ಲಿರುವ ಮನೆಯವರು ಅವರ ಬಳಿ ಹೇಳಿಕೊಳ್ಳಲಿ. ಅವರು ಕೇಳಿದ್ದು ಅವರಲ್ಲೇ ಉಳಿಯಲಿ, ಮೈಕಿನಲ್ಲಿ ಯಾರ ಹೆಸರೂ ಬರದಿರಲಿ.

ಮೂರು: ಧಾರವಾಡಕ್ಕೋ ಬಾಗಲಕೋಟೆಗೋ ಹೋಗಿಬರುವ ಬಸ್ಸಿನ ಖರ್ಚು, ಅಷ್ಟು ದಿನ ತಪ್ಪಿದ ಪಗಾರದ ಒಂದು ಪಾಲು ಬೈತುಲ್‌ಮಾಲ್‌ನಿಂದ ಸಿಗಲಿ. ಬಡವನಿಗೆ ಚಿಕಿತ್ಸೆ ತಪ್ಪುವುದು ಹೆಚ್ಚಾಗಿ ಈ ಸಣ್ಣ ಖರ್ಚಿನಿಂದಲೇ.

ನಾಲ್ಕು: ಎಷ್ಟು ಹೇಳಿದರೂ ನಶೆಗಾಗಿಯೇ ಮಾರುವವರು ಇದ್ದರೆ ಕೈ ಎತ್ತಬೇಡಿ, ಅಂಗಡಿಗೆ ಕಲ್ಲು ಎಸೆಯಬೇಡಿ. ಔಷಧ ಪರಿವೀಕ್ಷಕರಿಗೆ ಬರಹದಲ್ಲಿ ದೂರು ಕೊಡಿ. ಮಾದಕ ವಸ್ತುಗಳ ಬಗ್ಗೆ ಮಾಹಿತಿ ಕೊಡಲು 1933 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಮಾರುವವನು ನಮ್ಮ ಸಂಬಂಧಿಕನೇ ಆದರೂ ಸರಿ. ಅನ್ಯಾಯ ಮಾಡುವ ಸಹೋದರನಿಗೆ ಮಾಡುವ ಸಹಾಯವೆಂದರೆ ಅವನ ಕೈ ಹಿಡಿದು ತಡೆಯುವುದು ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ಐದು: ಚಟ ಬಿಟ್ಟು ಬಂದವನಿಗೆ ಕೆಲಸ ಕೊಡಿ. ಮಗ್ಗದ ಮಾಲೀಕರು, ಗ್ಯಾರೇಜಿನವರು, ಅಂಗಡಿಕಾರರು ಒಬ್ಬೊಬ್ಬರನ್ನು ತೆಗೆದುಕೊಂಡರೂ ಸಾಕು. ಚಿಕಿತ್ಸೆ ಮುಗಿಸಿ ಬಂದ ಹುಡುಗ ಖಾಲಿ ಕೂತರೆ ಅವನನ್ನು ಮೊದಲು ಹುಡುಕಿಕೊಂಡು ಬರುವವರು ಹಳೆಯ ಸಂಗಡಿಗರೇ. ಒಮ್ಮೆ ಜಾರಿದರೂ ಕೈ ಬಿಡಬೇಡಿ. ಈ ರೋಗದಲ್ಲಿ ಜಾರಿ ಏಳುವುದು ಸಾಮಾನ್ಯ.

ಇವುಗಳಲ್ಲಿ ಮೊದಲ ಕೆಲಸವನ್ನು ಮುಂದಿನ ಜುಮಾದೊಳಗೆ ಮಾಡಿ ಮುಗಿಸೋಣ. ಅದಕ್ಕೆ ಚಂದಾ ಬೇಡ, ಕಟ್ಟಡ ಬೇಡ. ಅಸರ್ ನಮಾಝಿನ ನಂತರ ನಾಲ್ಕು ಜನ ಎದ್ದು ನಡೆದರೆ ಸಾಕು.

ಓ ಅಲ್ಲಾಹ್, ನಮ್ಮ ಬುದ್ಧಿಯನ್ನು ಕಾಪಾಡು, ನಮ್ಮ ಮಕ್ಕಳ ಬುದ್ಧಿಯನ್ನು ಕಾಪಾಡು. ರೋಗಿಗಳಿಗೆ ಶಿಫಾ ಕೊಡು, ಅವರ ನೋವನ್ನು ಹಗುರಗೊಳಿಸು. ಚಟದ ಸಂಕೋಲೆಯಲ್ಲಿ ಸಿಲುಕಿದವರಿಗೆ ಬಿಡುಗಡೆಯ ದಾರಿ ತೋರಿಸು, ಅವರ ತಾಯಂದಿರ ಕಣ್ಣೀರು ಒರೆಸು. ಔಷಧಿ ಮಾರುವ ನಮ್ಮ ಸಹೋದರರ ಹಲಾಲ್ ಸಂಪಾದನೆಯಲ್ಲಿ ಬರಕತ್ ಕೊಡು, ಹರಾಮಿನಿಂದ ಅವರ ಕೈಯನ್ನು ತಡೆ. ನಮ್ಮ ಊರುಗಳ ಎಲ್ಲ ಜನರನ್ನು, ಎಲ್ಲ ಮನೆಗಳನ್ನು ಸುರಕ್ಷಿತವಾಗಿಡು. ಆಮೀನ್.